ಕಾರಾಪುರದ ಸಾಬು

ಭೇರ್ಯ, ಕೃಷ್ಣರಾಜನಗರಗಳ ಕಡೆಯವರಾದ ನಮಗೆ ಕಾವೇರಿಯ ನೀರೂ ಬತ್ತದ ಗದ್ದೆಯೂ ನಿತ್ಯದ ನೋಟ. ಆನೆಯಾದರೋ ವರ್ಷಕ್ಕೊಮ್ಮೆ ದಸರೆಯಲ್ಲಿ ಕಾಣುವ ವೈಭವ. ಹುಣಸೂರನ್ನು ದಾಟಿ ಹೆಗ್ಗಡದೇವನಕೋಟೆಯ ಸೀಮೆಯನ್ನು ಹೊಕ್ಕವರಿಗೆ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಆನೆ ನೆರೆಹೊರೆಯ ಪ್ರಾಣಿ. ಬೆಳೆಯನ್ನು ತುಳಿಯುವ ಶತ್ರುವೂ ಅದೇ, ಅನ್ನ ಕೊಡುವ ಒಡನಾಡಿಯೂ ಅದೇ. ಆ ಸೀಮೆಯಲ್ಲಿ, ಕಪಿಲಾ ನದಿಯ ದಡಕ್ಕೆ ಹೊಂದಿಕೊಂಡಂತೆ, ಕಾರಾಪುರವೆಂಬ ಊರಿದೆ. 1924ರ ಜನವರಿ 27ರಂದು ಅಲ್ಲಿ ಒಬ್ಬ ಮಾವುತನ ಮನೆಯಲ್ಲಿ ಹುಟ್ಟಿದ ಗಂಡುಮಗು, ಹದಿನೈದು ವರ್ಷ ತುಂಬುವುದರೊಳಗೆ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಮನೆಮಾತಾಯಿತು. ಹಾಲಿವುಡ್ ಚಿತ್ರಗಳ ಹುಚ್ಚು ಹಿಡಿದ ನನ್ನಂಥವರು ಗಾರ್ಬೋ, ಗೇಬಲ್, ಬೋಗಾರ್ಟ್ ಎಂದು ರಾತ್ರಿಯೆಲ್ಲ ಹರಟುವುದುಂಟು. ಆ ಹರಟೆಯಲ್ಲಿ ನಮ್ಮ ಜಿಲ್ಲೆಯವನೇ ಆದ ಸಾಬುವಿನ ಹೆಸರು ಬರುವುದು ಅಪರೂಪ. ಬಂದರೂ ಆನೆಯ ಮೇಲೆ ಕುಳಿತ ಹುಡುಗನೆಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ.

ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ವಾಚಕರು ಮನ್ನಿಸಬೇಕು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡವನನ್ನು ಜಗತ್ತು ಕೊನೆಯವರೆಗೂ ಹುಡುಗನನ್ನಾಗಿಯೇ ಇಟ್ಟುಕೊಂಡಿತು. ಅವನ ಬಾಳಿನ ದುಃಖವೂ ಅದೇ ಎಂದು ನನಗೆ ತೋರುತ್ತದೆ.

ಅವನ ಹೆಸರಿನಿಂದಲೇ ಗೊಂದಲ ಆರಂಭವಾಗುತ್ತದೆ. ಪುಸ್ತಕಗಳಲ್ಲಿ ಸಾಬು ದಸ್ತಗೀರ್ ಎಂದು ಕಾಣುತ್ತದೆ. ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರು. ಇಂಗ್ಲೆಂಡಿನ ಪತ್ರಕರ್ತರಿಗೆ ಮನೆತನದ ಹೆಸರೊಂದು ಬೇಕಾಗಿತ್ತು. ಜೊತೆಗೆ ಬಂದಿದ್ದ ಅಣ್ಣನ ಹೆಸರನ್ನೇ ತಮ್ಮನಿಗೂ ಅಂಟಿಸಿದರು. ತಾಯಿ ಅವನ ಶೈಶವದಲ್ಲಿಯೇ ತೀರಿಕೊಂಡಿದ್ದಳು. ತಂದೆಯೂ ಬಹುಕಾಲ ಉಳಿಯಲಿಲ್ಲ. ಅನಾಥನಾದ ಹುಡುಗನಿಗೆ ಮೈಸೂರು ಅರಮನೆಯ ಆನೆಲಾಯವೇ ಆಶ್ರಯವಾಯಿತು. ತೊಟ್ಟಿಲನ್ನು ಆನೆಯೇ ತೂಗುತ್ತಿತ್ತೆಂಬಂತಹ ಕಥೆಗಳನ್ನು ಚಿತ್ರಸಂಸ್ಥೆಯ ಪ್ರಚಾರಕರು ಮುಂದೆ ಬೇಕಾದಷ್ಟು ಹಬ್ಬಿಸಿದರು. ಅವನ್ನು ಬದಿಗಿಟ್ಟರೂ ಉಳಿಯುವ ಸಂಗತಿ ಸಣ್ಣದಲ್ಲ: ಮೈ ತೊಳೆಯುವುದು, ಮೇವು ಹಾಕುವುದು, ಅಂಕುಶವಿಲ್ಲದೆ ಕಾಲಿನ ಬೆರಳುಗಳ ಒತ್ತಿನಿಂದಲೇ ಆನೆಯನ್ನು ನಡೆಸುವುದು, ಇವು ಅವನಿಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆಗಳು.

ಇವನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿದ ಕಥೆಯ ಬೇರು ಕೂಡ ಮೈಸೂರಿನದೇ ಎಂಬುದು ಒಂದು ಕೌತುಕ. 1870ರ ದಶಕದಲ್ಲಿ ಮೈಸೂರು ಸರ್ಕಾರಕ್ಕಾಗಿ ಖೆಡ್ಡಾದಲ್ಲಿ ಕಾಡಾನೆ ಹಿಡಿಯುವ ಕ್ರಮವನ್ನು ರೂಢಿಗೆ ತಂದವನು ಜಿ. ಪಿ. ಸ್ಯಾಂಡರ್‌ಸನ್. ಅವನು ತನ್ನ ಅನುಭವಗಳನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಕಿಪ್ಲಿಂಗ್ ತನ್ನ 'ಜಂಗಲ್ ಬುಕ್'ನಲ್ಲಿ ಬರೆದ ಆನೆಯ ಹುಡುಗ ತೂಮಾಯಿಯ ಕಥೆಯಲ್ಲಿ ಪೀಟರ್‌ಸನ್ ಸಾಹೇಬನೆಂಬ ಪಾತ್ರವಿದೆಯಷ್ಟೆ. ಆ ಪಾತ್ರಕ್ಕೆ ಸ್ಯಾಂಡರ್‌ಸನ್ನನೇ ಮಾದರಿ ಎಂದು ಹೇಳುವುದುಂಟು. ಕಿಪ್ಲಿಂಗ್ ಕಥೆಯನ್ನು ಗಾರೋ ಬೆಟ್ಟಗಳಲ್ಲಿಟ್ಟನು. ಚಿತ್ರ ತೆಗೆಯುವವರು ಅದನ್ನು ಮತ್ತೆ ಮೈಸೂರಿಗೆ ತಂದರು.

ಹಾಗೆ ತಂದವರು ಇಬ್ಬರು. ಹಣ ಹಾಕಿದವನು ಅಲೆಕ್ಸಾಂಡರ್ ಕೊರ್ಡಾ. ಹಂಗೆರಿಯಿಂದ ಬಂದು ಲಂಡನ್ನಿನಲ್ಲಿ ಚಿತ್ರಸಾಮ್ರಾಜ್ಯವನ್ನು ಕಟ್ಟಿದ ಯಹೂದಿ. ಕ್ಯಾಮೆರಾ ಹಿಡಿದು ಬಂದವನು ರಾಬರ್ಟ್ ಫ್ಲಾಹರ್ಟಿ. ಹಿಮಪ್ರದೇಶದ ಎಸ್ಕಿಮೋ ಜೀವನವನ್ನು ಕುರಿತು 1922ರಲ್ಲಿ 'ನಾನೂಕ್' ತೆಗೆದು ಸಾಕ್ಷ್ಯಚಿತ್ರದ ಹಾದಿಯನ್ನು ತೆರೆದ ಅಮೆರಿಕದವನು. 1935ರಲ್ಲಿ ಫ್ಲಾಹರ್ಟಿ ಮೈಸೂರಿಗೆ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರ ಅವನಿಗೆ ಚಿತ್ತರಂಜನ್ ಅರಮನೆಯನ್ನು ಬಿಡಾರಕ್ಕಾಗಿ ಬಿಟ್ಟುಕೊಟ್ಟಿತು. ಆನೆಗಳನ್ನೂ ಮಾವುತರನ್ನೂ ಒದಗಿಸಿತು. ತೂಮಾಯಿಯ ಪಾತ್ರಕ್ಕೆ ತಕ್ಕ ಹುಡುಗನಿಗಾಗಿ ಹುಡುಕಾಟ ನಡೆಯಿತು. ಕೊನೆಗೆ ಆನೆಲಾಯದಲ್ಲಿ ಸಿಕ್ಕಿದವನು ಹನ್ನೊಂದು ವರ್ಷದ ಸಾಬು. ಅವನನ್ನು ಮೊದಲು ಕಂಡವನು ಛಾಯಾಗ್ರಾಹಕ ಓಸ್ಮಂಡ್ ಬೊರಡೈಲ್. ಜೊತೆಗೆ ನಟಿಸಿದ ಆನೆ ಅರಮನೆಯ ಐರಾವತ. ಫ್ಲಾಹರ್ಟಿಯ ಪತ್ನಿ ಫ್ರಾನ್ಸೆಸ್ ಮೈಸೂರಿನಿಂದ ತನ್ನ ಹೆಣ್ಣುಮಕ್ಕಳಿಗೆ ಬರೆದ ಕಾಗದಗಳು ಮುಂದೆ ಪುಸ್ತಕವಾಗಿ ಬಂದವು. ಆ ಕಾಲದ ಮೈಸೂರನ್ನು ಹೊರಗಿನ ಕಣ್ಣಿನಿಂದ ನೋಡಬಯಸುವ ವಿದ್ಯಾರ್ಥಿಗಳು ಅದನ್ನು ತಪ್ಪದೆ ಓದಬೇಕು.

ಫ್ಲಾಹರ್ಟಿಗೆ ಅವಸರವೆಂಬುದು ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಕಾಡನ್ನೂ ನದಿಯನ್ನೂ ಆನೆಗಳ ಸ್ನಾನವನ್ನೂ ಚಿತ್ರೀಕರಿಸುತ್ತಲೇ ಹೋದನು. ಕಥೆ ಎಲ್ಲಿ ಎಂದು ಕೊರ್ಡಾ ಕೇಳತೊಡಗಿದನು. ಕೊನೆಗೆ ತನ್ನ ತಮ್ಮ ಜೋಲ್ಟಾನನಿಗೆ ಉಳಿದ ಕೆಲಸವನ್ನು ವಹಿಸಿದನು. ಮೈಸೂರಿನ ಅರಣ್ಯಕ್ಕೆ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದ ಅರಣ್ಯವನ್ನು ಹೊಲಿದು 1937ರಲ್ಲಿ 'ಎಲಿಫೆಂಟ್ ಬಾಯ್' ಹೊರಬಂದಿತು; ಆ ವರ್ಷ ವೆನಿಸ್ಸಿನ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನೂ ಗಳಿಸಿತು. ಇಂದು ಅದನ್ನು ನೋಡಿದರೆ ಹೊಲಿಗೆ ಎದ್ದು ಕಾಣುತ್ತದೆ. ಸ್ಟುಡಿಯೋದ ಮಾತುಗಾರಿಕೆ ಸಪ್ಪೆ. ಬಿಳಿಯ ನಟರು ಮುಖಕ್ಕೆ ಬಣ್ಣ ಬಳಿದುಕೊಂಡು ಆಡುವ ಹಿಂದೂಸ್ಥಾನಿತನ ನಗೆಪಾಟಲು. ಆದರೆ ಸಾಬು ಐರಾವತನ ಸೊಂಡಿಲಿನ ಮೇಲೆ ಹೆಜ್ಜೆಯಿಟ್ಟು ಹತ್ತುವ ಕ್ಷಣದಲ್ಲಿ ಆ ಸುಳ್ಳೆಲ್ಲವೂ ಕರಗಿಹೋಗುತ್ತದೆ. ಅಲ್ಲಿ ಹುಡುಗ ನಟಿಸುತ್ತಿಲ್ಲ. ತನ್ನ ಕೆಲಸವನ್ನು ಮಾಡುತ್ತಿದ್ದಾನೆ. ಪರದೆಯ ಮೇಲೆ ಕೆಲಸ ಬಲ್ಲವನನ್ನು ನೋಡುವ ಸುಖಕ್ಕೆ ಸಮನಾದುದು ಚಲಚ್ಚಿತ್ರದಲ್ಲಿ ಬಹಳವಿಲ್ಲ.

ಅಣ್ಣನೊಡನೆ ಇಂಗ್ಲೆಂಡಿಗೆ ಹೋದ ಸಾಬು ಅಲ್ಲಿ ಶಾಲೆ ಸೇರಿದನು, ಇಂಗ್ಲಿಷ್ ಕಲಿತನು. ಕೊರ್ಡಾನ ಅದೇ ಸಂಸ್ಥೆಯಲ್ಲಿ ಆಗ ಮೆರೆಯುತ್ತಿದ್ದವಳು ಮರ್ಲ್ ಓಬೆರಾನ್. ಬೊಂಬಾಯಿಯಲ್ಲಿ ಹುಟ್ಟಿದ ಆ ನಟಿ ತನ್ನ ಹುಟ್ಟನ್ನು ಜೀವನವಿಡೀ ಮರೆಮಾಚಿ, ಟಾಸ್ಮೇನಿಯಾದವಳೆಂದು ಹೇಳಿಕೊಳ್ಳುತ್ತಿದ್ದಳು. 1939ರಲ್ಲಿ ಕೊರ್ಡಾನನ್ನೇ ಮದುವೆಯಾದಳು. ಒಂದೇ ಸೂರಿನ ಕೆಳಗೆ ಭಾರತೀಯತೆಯನ್ನು ಮುಚ್ಚಿಟ್ಟು ಬದುಕಬೇಕಾದವಳೊಬ್ಬಳು, ಭಾರತೀಯತೆಯನ್ನು ತೆರೆದಿಟ್ಟೇ ಬದುಕಬೇಕಾದವನೊಬ್ಬ. ನಾಯಕಿಯಾಗಲು ಬಣ್ಣ ತಿಳಿಯಾಗಿರಬೇಕು. ಆನೆಯ ಹುಡುಗನಾಗಲು ಬಣ್ಣ ಕಪ್ಪಾಗಿರಬೇಕು. ಆ ಕಾಲದ ಚಿತ್ರೋದ್ಯಮದ ರಾಜಕೀಯವನ್ನು ತಿಳಿಯಲು ಬೇರೆ ಗ್ರಂಥ ಬೇಕಿಲ್ಲ.

ರಾಜಕೀಯ ಎಂದೆನಲ್ಲವೆ? ಅದು ಹುಡುಗನನ್ನು ಬಿಡಲಿಲ್ಲ. 1938ರ ಏಪ್ರಿಲ್‌ನಲ್ಲಿ ಅವನ ಎರಡನೆಯ ಚಿತ್ರ 'ದಿ ಡ್ರಮ್' ಲಂಡನ್ನಿನಲ್ಲಿ ತೆರೆಕಂಡಿತು. ವಾಯವ್ಯ ಗಡಿನಾಡಿನ ಒಂದು ಸಂಸ್ಥಾನ. ಬ್ರಿಟಿಷರ ಮೇಲೆ ಒಳಸಂಚು ಹೂಡುವ ದುಷ್ಟ ಚಿಕ್ಕಪ್ಪ. ಬ್ರಿಟಿಷರಿಗೆ ನಿಷ್ಠನಾದ ಎಳೆಯ ರಾಜಕುಮಾರ ಅಜೀಮ್. ಆ ನಿಷ್ಠನ ಪಾತ್ರ ಸಾಬುವಿನದು. ಅದೇ ತಿಂಗಳು ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಲೆಕ್ಕಿಸದೆ ಕಾಂಗ್ರೆಸ್ಸಿನ ಬಾವುಟ ಏರಿತು. ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು. ಮೈಸೂರಿನ ಮಕ್ಕಳು ಬಾವುಟ ಹಿಡಿದು ಬೀದಿಗಿಳಿದಿದ್ದಾಗ ಮೈಸೂರಿನ ಒಬ್ಬ ಹುಡುಗ ಬಣ್ಣದ ತೆರೆಯ ಮೇಲೆ ಸಾಮ್ರಾಜ್ಯಕ್ಕೆ ತಮಟೆ ಬಾರಿಸುತ್ತಿದ್ದನು. ಚಿತ್ರ ಬೊಂಬಾಯಿಗೆ ಬಂದಾಗ ಪ್ರತಿಭಟನೆಗಳೂ ಗಲಭೆಗಳೂ ನಡೆದವು, ಮದರಾಸಿನಲ್ಲಿಯೂ ವಿರೋಧ ಹಬ್ಬಿತು, ಅದನ್ನು ಹಿಂತೆಗೆಯಬೇಕಾಯಿತು. ಪ್ರತಿಭಟಿಸಿದವರು ತಪ್ಪು ಮಾಡಲಿಲ್ಲ. ಚಿತ್ರ ನೋಡಲು ಸೊಗಸಾಗಿದೆ, ಹೇಳುವ ಮಾತು ಹೇಯವಾಗಿದೆ. ಎರಡೂ ಒಟ್ಟಿಗೆ ನಿಜವಾಗಿರಬಹುದೆಂಬುದನ್ನು ಚಿತ್ರರಸಿಕನು ಒಪ್ಪಲೇಬೇಕು.

ಆದರೆ ಹುಡುಗನ ಮೇಲೆ ಹೊರೆ ಹೊರಿಸಬಹುದೆ? ಇದೇ ಕೊರ್ಡಾನ 1935ರ 'ಸ್ಯಾಂಡರ್ಸ್ ಆಫ್ ದಿ ರಿವರ್'ನಲ್ಲಿ ನಟಿಸಿದ ಪಾಲ್ ರೋಬ್ಸನ್, ತನ್ನ ಪಾತ್ರ ಸಾಮ್ರಾಜ್ಯದ ಸ್ತುತಿಪಾಠವಾಗಿಹೋದುದನ್ನು ಕಂಡು ಆ ಚಿತ್ರವನ್ನೇ ಬಹಿರಂಗವಾಗಿ ತಿರಸ್ಕರಿಸಿದನು. ರೋಬ್ಸನ್ ಆಗ ಕಾನೂನು ಓದಿದ, ಲೋಕ ಕಂಡ ಪ್ರೌಢ. ಸಾಬುವಿಗೆ ಹದಿನಾಲ್ಕು ವರ್ಷ. ಅರಮನೆಯ ಅನ್ನ ತಿಂದು ಬೆಳೆದವನು, ಅರಮನೆಯ ಮಿತ್ರರಾದ ಆಂಗ್ಲರ ನೆಲದಲ್ಲಿ, ಅವರ ಶಾಲೆಯಲ್ಲಿ ಕುಳಿತಿದ್ದನು. ಅವನಿಂದ ತಿರಸ್ಕಾರವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಅವನ ಶ್ರೇಷ್ಠ ಚಿತ್ರವೆಂದು ನಾನು ನಿಸ್ಸಂಕೋಚವಾಗಿ ಹೇಳುವುದು 1940ರ 'ದಿ ಥೀಫ್ ಆಫ್ ಬಾಗ್ದಾದ್'. ಇಂಗ್ಲೆಂಡಿನಲ್ಲಿ ಆರಂಭವಾಗಿ, ಯುದ್ಧ ಬಂದುದರಿಂದ ಅಮೆರಿಕದಲ್ಲಿ ಮುಗಿದ ಚಿತ್ರವಿದು. ಛಾಯಾಗ್ರಹಣ, ಕಲಾನಿರ್ದೇಶನ, ತಂತ್ರಚಮತ್ಕಾರಗಳಿಗೆ ಮೂರು ಆಸ್ಕರ್‌ಗಳನ್ನು ಪಡೆಯಿತು. ಹಲವು ನಿರ್ದೇಶಕರ ಕೈ ಬಿದ್ದೂ ಕೆಡದ ಚಿತ್ರಗಳು ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು. ಕಳ್ಳಹುಡುಗ ಅಬು ಆಗಿ ಸಾಬು, ದುಷ್ಟ ವಜೀರ ಜಾಫರನಾಗಿ ಕಾನ್ರಾಡ್ ವೈಟ್, ಸೀಸೆಯ ಭೂತವಾಗಿ ಅಮೆರಿಕದ ಕರಿಯ ನಟ ರೆಕ್ಸ್ ಇನ್‌ಗ್ರಾಮ್. ಸೀಸೆಯಿಂದ ಎದ್ದ ಬೆಟ್ಟದಂಥ ಭೂತವನ್ನು ಈ ಹುಡುಗ ಉಪಾಯದಿಂದ ಮತ್ತೆ ಸೀಸೆಯೊಳಕ್ಕೆ ಇಳಿಸುವ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ಸ್ಕೋರ್ಸೇಸಿ, ಕೊಪ್ಪೊಲಾ ಅವರಂಥ ದೊಡ್ಡ ನಿರ್ದೇಶಕರು ಈ ಚಿತ್ರವನ್ನು ತಮ್ಮ ಬಾಲ್ಯದ ನಿಧಿಯೆಂದು ಕೊಂಡಾಡಿದ್ದಾರೆ. ಡಿಸ್ನಿ ಸಂಸ್ಥೆಯ 1992ರ 'ಅಲಾದ್ದೀನ್' ಜಾಫರನ ಹೆಸರನ್ನು ಇಲ್ಲಿಂದಲೇ ಎತ್ತಿಕೊಂಡಿತು; ಅಬುವಿನ ಹೆಸರನ್ನು ಮಾತ್ರ ಒಂದು ಕೋತಿಗೆ ಇಟ್ಟಿತು. ಅದು ನನಗೆ ಇಂದಿಗೂ ಹಿತವೆನಿಸಿಲ್ಲ.

ಕಾನ್ರಾಡ್ ವೈಟನ ಪ್ರಸಂಗವೂ ನೆನಪಿಡತಕ್ಕದ್ದು. ನಾಜಿಗಳನ್ನು ದ್ವೇಷಿಸಿ ಜರ್ಮನಿಯನ್ನು ತೊರೆದ ಅವನಿಗೆ ಹಾಲಿವುಡ್ ನಾಜಿಯ ಪಾತ್ರವನ್ನೇ ಕೊಟ್ಟಿತು. 'ಕಾಸಾಬ್ಲಾಂಕಾ'ದ ಮೇಜರ್ ಸ್ಟ್ರಾಸರ್ ಅವನೇ. ಮುಖ ಯಾವುದೋ ಪಾತ್ರವೂ ಅದೇ ಎಂಬುದು ಆ ಊರಿನ ನಿಯಮ. ಸಾಬು 1942ರಲ್ಲಿ 'ಜಂಗಲ್ ಬುಕ್'ನ ಮೌಗ್ಲಿಯಾದನು. ಅಲ್ಲಿಂದ ಮುಂದೆ ಯೂನಿವರ್ಸಲ್ ಸಂಸ್ಥೆ ಅವನನ್ನು ತೆಗೆದುಕೊಂಡಿತು. 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಎಂದು ವರ್ಷಕ್ಕೊಂದರಂತೆ ಬಂದ ಆ ಬಣ್ಣದ ಕನಸುಗಳಲ್ಲಿ ನಾಯಕಿ ಮರಿಯಾ ಮಾಂಟೆಜ್, ನಾಯಕ ಜಾನ್ ಹಾಲ್, ಸಾಬು ನಾಯಕನ ಬೆನ್ನಿಗಿರುವ ಚೂಟಿ ಹುಡುಗ. ಯುದ್ಧದ ಬೇಗೆಯಲ್ಲಿದ್ದ ಜನಕ್ಕೆ ಒಂದೂವರೆ ಗಂಟೆಯ ಮರೆವು ಬೇಕಾಗಿತ್ತು. ಅದನ್ನು ಈ ಚಿತ್ರಗಳು ಕೊಟ್ಟವು. ಅದಕ್ಕಿಂತ ಹೆಚ್ಚಿನ ಗುಣವನ್ನು ಅವುಗಳಲ್ಲಿ ಹುಡುಕುವವರು ನನಗಿಂತ ಉದಾರಿಗಳು. ಹುಡುಗನಿಗೆ ಹತ್ತೊಂಬತ್ತು ತುಂಬಿದ್ದರೂ ನಾಯಕಿಯ ಕೈ ಹಿಡಿಯುವ ಭಾಗ್ಯ ಅವನಿಗೆ ಬರಲಿಲ್ಲ. ಬಿಳಿಯರೂ ಕರಿಯರೂ ಪ್ರೇಮಿಸುವುದನ್ನು ತೋರಿಸಕೂಡದೆಂದು ಹಾಲಿವುಡ್ಡಿನ ನಿಯಮಾವಳಿಯಲ್ಲಿಯೇ ಬರೆದಿದ್ದ ಕಾಲವದು.

ಈ ನಡುವೆ ಅವನು ಮಾಡಿದ ಒಂದು ಕೆಲಸ ಯಾವ ಚಿತ್ರಸಂಸ್ಥೆಯೂ ಬರೆದುಕೊಟ್ಟ ಪಾತ್ರವಲ್ಲ. ಭಾರತೀಯರು ಬಿಳಿಯರಲ್ಲ, ಆದಕಾರಣ ಅಮೆರಿಕದ ಪೌರರಾಗುವಂತಿಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಆ ತಡೆಯನ್ನು ತೆಗೆದ ಕಾನೂನು ಬಂದುದು 1946ರಲ್ಲಿ. ಇವೆರಡರ ನಡುವೆ, 1944ರ ಜನವರಿಯಲ್ಲಿ, ಯುದ್ಧಕಾಲದಲ್ಲಿ ಕಾರಾಪುರದ ಮಾವುತನ ಮಗ ಅಮೆರಿಕದ ಪೌರನಾದನು. ಅಲ್ಲಿಯ ವಾಯುಸೇನೆಯಲ್ಲಿ ದುಡಿದನು. ಬಿ-24 ಲಿಬರೇಟರ್ ಎಂಬ ಭಾರಿ ಬಾಂಬರ್ ವಿಮಾನದಲ್ಲಿ ಗುಂಡಿನವನಾಗಿ ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಸಲ ಹಾರಿ, ಜಪಾನೀಯರ ಗುಂಡುಗಳನ್ನು ಎದುರಿಸಿ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಪದಕವನ್ನು ಗಳಿಸಿದನು. ಜೇಮ್ಸ್ ಸ್ಟುವರ್ಟ್ ಅದೇ ಜಾತಿಯ ವಿಮಾನವನ್ನು ಯೂರೋಪಿನ ಮೇಲೆ ನಡೆಸಿದುದು ಎಲ್ಲ ಚಿತ್ರರಸಿಕರಿಗೂ ಗೊತ್ತು. ಅದು ಗೌರವಕ್ಕೆ ಯೋಗ್ಯವೂ ಹೌದು. ಜಾನ್ ವೇಯ್ನ್ ಸೇನೆಯನ್ನು ಸೇರದೆ ತೆರೆಯ ಮೇಲೆಯೇ ಯುದ್ಧವನ್ನು ಗೆದ್ದುದೂ ಗೊತ್ತು; ದೇಶಪ್ರೇಮದ ಮೂರ್ತಿಯೆಂದು ಅವನಿಗೇ ಹೆಚ್ಚು ಹೂಮಾಲೆ ಬಿದ್ದಿತು. ಸಾಬುವಿನ ಪದಕದ ಸುದ್ದಿ ಅಡಿಟಿಪ್ಪಣಿಗಿಳಿಯಿತು. ಅವನು ತನ್ನ ದೇಶವನ್ನು ಬಿಟ್ಟು ಬೇರೊಂದರ ಪೌರನಾದನೆಂದು ನಮ್ಮಲ್ಲಿ ಮುಖ ಸಿಂಡರಿಸುವವರಿದ್ದಾರೆ. ಆದರೆ ಅಲ್ಲಿಯವರೆಗೆ ಅವನ ಪಾಲಿನದನ್ನೆಲ್ಲ ಬೇರೆಯವರೇ ಆರಿಸಿದ್ದರು. ಇದೊಂದನ್ನು ಅವನು ತಾನೇ ಆರಿಸಿಕೊಂಡನು. ಆರಿಸಿಕೊಂಡದ್ದಕ್ಕೆ ಪ್ರಾಣವನ್ನು ಪಣವಿಟ್ಟನು.

ಯುದ್ಧ ಮುಗಿಸಿ ಬಂದವನಿಗೆ ಕಾದಿದ್ದುದು ಅದೇ ಕಾಡು, ಅದೇ ರುಮಾಲು. ಒಂದು ಚಿತ್ರ ಮಾತ್ರ ಬೇರೆ. 1947ರಲ್ಲಿ ಮೈಕೆಲ್ ಪೊವೆಲ್, ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿ 'ಬ್ಲ್ಯಾಕ್ ನಾರ್ಸಿಸಸ್' ತೆಗೆಯಿತು. ಹಿಮಾಲಯದ ಒಂದು ಹಳೆಯ ಅರಮನೆಯಲ್ಲಿ ಮಠ ಸ್ಥಾಪಿಸಲು ಬಂದ ಆಂಗ್ಲ ಸಂನ್ಯಾಸಿನಿಯರು ಆ ಗಾಳಿಯನ್ನೂ ಎತ್ತರವನ್ನೂ ತಾಳಲಾರದೆ ಕೊನೆಗೆ ಗಂಟುಮೂಟೆ ಕಟ್ಟುತ್ತಾರೆ. ಭಾರತದಿಂದ ಬ್ರಿಟಿಷರು ಹೊರಡುವುದಕ್ಕೆ ಕೆಲವೇ ತಿಂಗಳ ಮುನ್ನ ತೆರೆಕಂಡ ಈ ಚಿತ್ರದಲ್ಲಿ ಮಳೆ ಬೀಳಲಾರಂಭಿಸಿದಂತೆ ಅವರು ಬೆಟ್ಟ ಇಳಿದುಹೋಗುವ ಕೊನೆಯ ದೃಶ್ಯ, ನನ್ನ ಅಭಿಪ್ರಾಯದಲ್ಲಿ, ಸಾಮ್ರಾಜ್ಯದ ಅವಸಾನವನ್ನು ಕುರಿತು ಆಂಗ್ಲರು ತೆಗೆದ ಅತ್ಯಂತ ಪ್ರಾಮಾಣಿಕ ದೃಶ್ಯ. ಅದರ ಹಿಮಾಲಯವೆಲ್ಲ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಬಣ್ಣದಿಂದ ಬರೆದದ್ದು. ಸಾಬು ಅಲ್ಲಿ ಪರಿಮಳ ಪೂಸಿಕೊಂಡು, ರೇಷ್ಮೆಯುಟ್ಟು, ಪಾಠ ಕಲಿಯಬೇಕೆಂದು ಮಠಕ್ಕೆ ಬರುವ ಎಳೆಯ ಸೇನಾಧಿಪತಿ. ಪಾತ್ರ ಚಿಕ್ಕದು, ಅವನು ಅದರಲ್ಲಿ ನಕ್ಕು ನಗಿಸುತ್ತಾನೆ. 'ದಿ ಡ್ರಮ್'ನಲ್ಲಿ ಸಾಮ್ರಾಜ್ಯಕ್ಕೆ ತಮಟೆ ಬಾರಿಸಿದವನು ಒಂಬತ್ತು ವರ್ಷಗಳ ಮೇಲೆ ಅದರ ನಿರ್ಗಮನದಲ್ಲಿಯೂ ಹಾಜರಿದ್ದನು.

ಆಮೇಲಿನದು ಇಳಿಜಾರು. 1948ರಲ್ಲಿ 'ಮ್ಯಾನ್-ಈಟರ್ ಆಫ್ ಕುಮಾಂವ್', ಮರುವರ್ಷ 'ಸಾಂಗ್ ಆಫ್ ಇಂಡಿಯಾ'. ಅದೇ 1948ರ ಅಕ್ಟೋಬರಿನಲ್ಲಿ ನಟಿ ಮೆರಿಲಿನ್ ಕೂಪರ್‌ಳನ್ನು ಮದುವೆಯಾದನು. ಒಂದು ಗಂಡು, ಒಂದು ಹೆಣ್ಣು ಮಕ್ಕಳಾದರು. ಚಿತ್ರಗಳು ಸಿಕ್ಕದಾಗ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳನ್ನು ಆಡಿಸಿದನು. ಅದನ್ನು ಅವಮಾನವೆಂದು ಬರೆದವರಿದ್ದಾರೆ, ನನಗೆ ಹಾಗೆನಿಸುವುದಿಲ್ಲ. ಇಟಲಿಯಲ್ಲಿ ವಿಟ್ಟೋರಿಯೋ ಡಿ ಸಿಕಾನೊಡನೆ ಒಂದು ಹಾಸ್ಯಚಿತ್ರದಲ್ಲಿ ನಟಿಸಿದನು. ಅದರಲ್ಲೂ ಒಂದು ಆನೆಮರಿ!

ತಾಯ್ನಾಡು ಒಮ್ಮೆ ಕರೆದಂತೆ ಮಾಡಿತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ' ಚಿತ್ರಕ್ಕೆ ಸಿದ್ಧತೆ ನಡೆಸುತ್ತಿದ್ದಾಗ ಬಂಡಾಯದ ಮಗ ಬಿರ್ಜುವಿನ ಪಾತ್ರಕ್ಕೆ ಸಾಬುವನ್ನು ಆರಿಸಿ ಬೊಂಬಾಯಿಗೆ ಕರೆಸಿದನು. ಚಿತ್ರೀಕರಣ ಮುಂದೆ ಮುಂದೆ ಹೋಯಿತು. ಅಮೆರಿಕದ ಪೌರನಾಗಿದ್ದವನಿಗೆ ಇಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿ ದೊರೆಯಲಿಲ್ಲ. ಅವನು ಹಿಂದಿರುಗಿದನು. 1957ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಬಿರ್ಜುವಾಗಿ ಸುನಿಲ್ ದತ್ತ್ ಹೆಸರು ಗಳಿಸಿದುದು ಎಲ್ಲರಿಗೂ ತಿಳಿದದ್ದೇ. ಸುನಿಲ್ ದತ್ತರ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಕೋವಿ ಹಿಡಿದು ಸಾಹುಕಾರನ ಮುಂದೆ ನಿಲ್ಲುವ ಆ ಕೋಪಿಷ್ಠ ಯುವಕನನ್ನು ನೋಡುವಾಗಲೆಲ್ಲ, ಒಮ್ಮೆಯಾದರೂ ದೊಡ್ಡವನಾಗುವ ಅವಕಾಶ ಸಾಬುವಿನ ಕೈಗೆ ಎಷ್ಟು ಹತ್ತಿರ ಬಂದಿತ್ತೆಂದು ಎದೆ ಚುರುಕ್ಕೆನ್ನುತ್ತದೆ. ಅವನು ಒಂದೇ ಒಂದು ಭಾರತೀಯ ಚಿತ್ರದಲ್ಲಿಯೂ ನಟಿಸಲಿಲ್ಲ. ಅದೇ 1957ರಲ್ಲಿ ಅವನದಾಗಿ ಬಂದದ್ದು 'ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್'. ಮೂವತ್ತಮೂರರ ವಯಸ್ಸಿನಲ್ಲಿ ಮಾಯದ ಉಂಗುರ ತೊಟ್ಟ ಹುಡುಗ!

ಮೈಸೂರಿನಿಂದ ಬೆರಳು ಹಿಡಿದು ಕರೆತಂದಿದ್ದ ಅಣ್ಣ ದಸ್ತಗೀರ್ ಕ್ಯಾಲಿಫೋರ್ನಿಯಾದಲ್ಲಿ ಪೀಠೋಪಕರಣಗಳ ಅಂಗಡಿ ನಡೆಸುತ್ತಿದ್ದನು. 1960ರಲ್ಲಿ ಅಂಗಡಿಗೆ ನುಗ್ಗಿದ ದರೋಡೆಯ ವೇಳೆ ಕೊಲೆಯಾದನು. ಮೂರು ವರ್ಷಗಳ ಮೇಲೆ, 1963ರ ಡಿಸೆಂಬರ್ 2ರಂದು, ಸಾಬುವೂ ತನ್ನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಕೆನಡಿಯ ಕೊಲೆ ನಡೆದು ಹತ್ತು ದಿನವಾಗಿತ್ತಷ್ಟೆ. ಅಮೆರಿಕದ ಪತ್ರಿಕೆಗಳಿಗೆ ಬೇರೆ ಸಾವಿಗೆ ಎಡೆಯಿರಲಿಲ್ಲ. ಅವನ ಕೊನೆಯ ಚಿತ್ರ ಡಿಸ್ನಿಯವರ 'ಎ ಟೈಗರ್ ವಾಕ್ಸ್' ಅವನು ಹೋದ ಮೇಲೆ 1964ರಲ್ಲಿ ಬಿಡುಗಡೆಯಾಯಿತು. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಒಂದು ಹುಲಿಯನ್ನು ಕೊಲ್ಲಬೇಕೆ ಉಳಿಸಬೇಕೆ ಎಂದು ಊರಿಗೆ ಊರೇ ಇಬ್ಭಾಗವಾಗಿ, ರಾಜಕಾರಣಿಗಳು ಅದರಲ್ಲಿ ಮತ ಎಣಿಸತೊಡಗುವ ಕಥೆ. ಪ್ರಾಣಿಯ ಮನಸ್ಸು ಬಲ್ಲವನ ಪಾತ್ರ ಸಾಬುವಿನದು. ಅದೊಂದು ಸಾಧಾರಣ ಚಿತ್ರ. ಆದರೆ ಮೈ ತುಂಬಿಕೊಂಡ, ಮಾತು ಕಡಮೆಯಾದ ಈ ನಡುವಯಸ್ಸಿನವನಲ್ಲಿ ಕಾರಾಪುರದ ಹುಡುಗನ ಸಹಜತೆ ಮತ್ತೆ ಇಣುಕುತ್ತದೆ.

ಅವನು ಬಿಟ್ಟುಬಂದ ಸೀಮೆಯೂ ಮೊದಲಿನಂತೆ ಉಳಿಯಲಿಲ್ಲ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಕಪಿಲೆಗೆ ಅಣೆಕಟ್ಟು ಬಂದು ಆ ಹಳೆಯ ತಗ್ಗು ಹಿನ್ನೀರಿನಡಿ ಹೋಯಿತು. ಕಾರಾಪುರದಲ್ಲಿ ರಾಜರೂ ವೈಸರಾಯರೂ ತಂಗುತ್ತಿದ್ದ ಬೇಟೆಯ ಬಂಗಲೆ ಪ್ರವಾಸಿಗಳ ತಂಗುದಾಣವಾಗಿದೆ. ದಸರೆಯ ಆನೆಗಳು ಹುಣಸೂರಿನ ವೀರನಹೊಸಹಳ್ಳಿಯಿಂದ ಹೊರಟು ಮೈಸೂರು ಸೇರುತ್ತವೆ. ಅರಮನೆಯ ಆವರಣದಲ್ಲಿ ಬೀಡುಬಿಡುವ ಮಾವುತರ, ಕಾವಾಡಿಗರ ಮಕ್ಕಳಿಗೆ ಆ ದಿನಗಳಲ್ಲಿ ಅಲ್ಲಿಯೇ ಡೇರೆಯಲ್ಲಿ ಶಾಲೆ ನಡೆಯುತ್ತದೆ. ಆ ಮಕ್ಕಳಿಗೆ ಯಾರಾದರೂ 'ಎಲಿಫೆಂಟ್ ಬಾಯ್' ಚಿತ್ರವನ್ನು ಒಂದು ಸಂಜೆ ತೋರಿಸಬಾರದೆ ಎಂದು ನನಗೆ ಪ್ರತಿ ದಸರೆಯಲ್ಲೂ ಅನಿಸುತ್ತದೆ.

ಹಾಲಿವುಡ್ಡಿನ ಕಾಲುದಾರಿಯಲ್ಲಿ ತಾರೆಯರ ಹೆಸರುಗಳನ್ನು ಹಿತ್ತಾಳೆಯಲ್ಲಿ ಕೆತ್ತಿ ನೆಲಕ್ಕೆ ಕೂರಿಸಿರುವುದನ್ನು ವಾಚಕರು ಕೇಳಿರಬಹುದು. 1960ರಲ್ಲಿ ಅಲ್ಲಿ ಅವನಿಗೂ ಒಂದು ಸ್ಥಾನ ಸಿಕ್ಕಿತು. ಅದರಲ್ಲಿ ದಸ್ತಗೀರ್ ಎಂದಿಲ್ಲ. ಸಾಬು ಎಂದಷ್ಟೇ ಇದೆ.